ಬಿಕ್ಕಟ್ಟಿನ ಕಾಲದಲ್ಲಿ ಬ್ಯಾಂಕ್ ಷೇರು ಕೊಳ್ಳಬಹುದೇ?

ಪ್ರಶ್ನೆ: ಬೆಳೆಗಾರ, ಮೂಡಿಗೆರೆ

ಮಾನ್ಯರೇ, ಈ ಸಲದ ಕಾಫಿ, ಮೆಣಸಿನ ಹಣದಲ್ಲಿ ಬೆಳೆಸಾಲ ತೀರಿಸಿ, ಆಳುಗಳ ಬಟವಾಡೆ ಮುಗಿಸಿದ ಮೇಲೆ ಸ್ವಲ್ಪ ಉಳಿದಿದೆ. 2020ರ ಮಾರ್ಚ್‌ನಲ್ಲಿ ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದಾಗ ಧೈರ್ಯ ಮಾಡಿ ಕೊಂಡವರು ಮುಂದೆ ಒಳ್ಳೆಯ ಲಾಭ ಮಾಡಿಕೊಂಡರು. ಇನ್ನೊಮ್ಮೆ ಅಂಥ ಕಾಲ ಬಂದರೆ ಬ್ಯಾಂಕ್ ಷೇರುಗಳನ್ನೇ ಕೊಳ್ಳಬೇಕೆಂದಿದ್ದೇನೆ. ಪಕ್ಕದ ತೋಟದವರು, ‘ಸರ್ಕಾರ ಯಾವ ಬ್ಯಾಂಕನ್ನೂ ಮುಳುಗಲು ಬಿಡುವುದಿಲ್ಲ, ಪುಸ್ತಕ ಮೌಲ್ಯಕ್ಕಿಂತ (ಆಸ್ತಿಯಲ್ಲಿ ಬಾಕಿ ಕಳೆದು ಪ್ರತಿ ಷೇರಿಗೆ ಲೆಕ್ಕದಲ್ಲಿ ಉಳಿಯುವ ಮೊತ್ತಕ್ಕಿಂತ) ಕಡಿಮೆಗೆ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಿ’ ಎನ್ನುತ್ತಾರೆ. ನನ್ನಲ್ಲಿದ್ದ ವಿಜಯಾ ಬ್ಯಾಂಕಿನ ಷೇರುಗಳೂ 2019ರ ವಿಲೀನದಲ್ಲಿ ಸಾವಿರಕ್ಕೆ 402ರಂತೆ ಬ್ಯಾಂಕ್ ಆಫ್ ಬರೋಡಾದ ಷೇರುಗಳಾದವೇ ಹೊರತು ಮುಳುಗಲಿಲ್ಲ. ಅವರ ಮಾತನ್ನು ನಂಬಬಹುದೇ?

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಸನ

ಬ್ಯಾಂಕು ಉಳಿಯುವುದು ಬೇರೆ, ಷೇರುದಾರರ ಹಣ ಉಳಿಯುವುದು ಬೇರೆ. ರಿಸರ್ವ್ ಬ್ಯಾಂಕು ಮಧ್ಯೆ ಬರುವುದು ಮುಖ್ಯವಾಗಿ ಠೇವಣಿದಾರರಿಗಾಗಿ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, 50,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿದರು. ಅದೇ ತಿಂಗಳ 18ರಂದು ನಿರ್ಬಂಧ ತೆರವಾಯಿತು, ಠೇವಣಿಗೆ ಏನೂ ಆಗಲಿಲ್ಲ. ಆದರೆ 2018ರಲ್ಲಿ 400 ರೂಪಾಯಿಯ ಆಸುಪಾಸಿನಲ್ಲಿದ್ದ ಅದರ ಷೇರು, ಅದನ್ನು ಉಳಿಸಲು ಬಂಡವಾಳ ಹಾಕಿದ ಸ್ಟೇಟ್ ಬ್ಯಾಂಕಿಗೆ ಸಿಕ್ಕಿದ್ದು 10 ರೂಪಾಯಿಗೆ, ಮತ್ತು ನೂರಕ್ಕಿಂತ ಹೆಚ್ಚು ಷೇರಿದ್ದ ಹಳಬರು ಅದರ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರುವಂತಿರಲಿಲ್ಲ. 2020ರ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ಡಿಬಿಎಸ್ ಬ್ಯಾಂಕಿನಲ್ಲಿ ವಿಲೀನಗೊಳಿಸಿದಾಗಲಂತೂ ಷೇರು ಬಂಡವಾಳವನ್ನು ಪೂರ್ತಿಯಾಗಿ ಸೊನ್ನೆ ಮಾಡಿದರು. ವಿಜಯಾ ಬ್ಯಾಂಕು ಲಾಭದಲ್ಲಿದ್ದಾಗಲೇ ವಿಲೀನವಾದದ್ದರಿಂದ ಅದನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವಂತಿಲ್ಲ.

ಪುಸ್ತಕ ಮೌಲ್ಯದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಬ್ಯಾಂಕು ಕೊಟ್ಟ ಪ್ರತಿ 100 ರೂಪಾಯಿ ಸಾಲದಲ್ಲಿ ಅದರ ಸ್ವಂತ ಬಂಡವಾಳ 10 ರೂಪಾಯಿ, ಉಳಿದದ್ದು ಬಹುಪಾಲು ಠೇವಣಿದಾರರದು ಎಂದಿಟ್ಟುಕೊಳ್ಳಿ. ಸಾಲದಲ್ಲಿ 6 ರೂಪಾಯಿ ಮುಳುಗಿದರೆ ನಷ್ಟ ಹೊರುವುದು ಆ 10 ರೂಪಾಯಿಯೇ. ಅಂದರೆ ನೂರಕ್ಕೆ ಆರು ಸಾಲ ಕೆಟ್ಟರೆ ಪುಸ್ತಕ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗುತ್ತದೆ. ಕೆಟ್ಟ ಸಾಲವನ್ನು ಒಪ್ಪಿಕೊಳ್ಳುವವರೆಗೆ ಲೆಕ್ಕದಲ್ಲಿ ಹಳೆಯ ಮೌಲ್ಯವೇ ಇರುವುದರಿಂದ ಷೇರು ಅಗ್ಗವಾಗಿ ಕಾಣುತ್ತದೆ. ಶಾಖೆಯಲ್ಲಿ ಕೂತವರಿಗೆ ಇದು ಗೊತ್ತು: ವರ್ಷದ ಕೊನೆಯಲ್ಲಿ ಹೊಸ ಸಾಲ ಕೊಟ್ಟು ಹಳೆಯ ಕಂತನ್ನು ಚುಕ್ತಾ ತೋರಿಸುವ ಚಾಳಿ ಇಂದಿನದಲ್ಲ.

ಉತ್ತರ: ಲೆಕ್ಕ ಪರಿಶೋಧಕ, ಚಿಕ್ಕಮಗಳೂರು

ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಬಿಕ್ಕಟ್ಟಿನ ಹೊತ್ತಿನಲ್ಲಿ ಪ್ರಕಟವಾಗುವ ಎನ್‌ಪಿಎ ಅಂದರೆ ಕೆಟ್ಟ ಸಾಲದ ಅಂಕಿಯನ್ನು ಇದ್ದಂತೆ ನಂಬಬಾರದು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಲದ ಕಂತನ್ನು ಮುಂದೂಡಲು ಅವಕಾಶವಿತ್ತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಆಗಸ್ಟ್ ಕೊನೆಯವರೆಗೆ ಎನ್‌ಪಿಎ ಆಗಿರದ ಖಾತೆಗಳನ್ನು ಸದ್ಯಕ್ಕೆ ಹಾಗೆ ಘೋಷಿಸಬಾರದೆಂದು ಮಧ್ಯಂತರ ಆದೇಶ ಕೊಟ್ಟಿತು. ಹಾಗಾಗಿ ಆಗಿನ ಅಂಕಿಗಳು ನಿಜ ಸ್ಥಿತಿಗಿಂತ ಹಗುರವಾಗಿದ್ದವು. ನಾನು ಮೊದಲು ನೋಡುವುದು ಬಂಡವಾಳದ ಅನುಪಾತವನ್ನು (ಕೊಟ್ಟ ಸಾಲಕ್ಕೆ ಸ್ವಂತ ಬಂಡವಾಳ ಎಷ್ಟಿದೆ ಎಂಬುದನ್ನು), ಆಮೇಲೆ ಕೆಟ್ಟ ಸಾಲಕ್ಕೆ ಈಗಾಗಲೇ ಎಷ್ಟು ತೆಗೆದಿರಿಸಿದ್ದಾರೆಂಬುದನ್ನು, ಜೊತೆಗೆ ಉಳಿತಾಯ ಮತ್ತು ಚಾಲ್ತಿ ಖಾತೆಗಳ ಪಾಲನ್ನು; ಭಯ ಹಬ್ಬಿದಾಗ ಕಂಪನಿ, ಸಂಸ್ಥೆಗಳು ಇಟ್ಟ ದೊಡ್ಡ ಸಗಟು ಠೇವಣಿಗಳೇ ಮೊದಲು ಹೊರಡುತ್ತವೆ.

ಗಟ್ಟಿ ಬ್ಯಾಂಕುಗಳೂ ಆಗ ಹೊಸ ಷೇರು ಮಾರಿ ಬಂಡವಾಳ ತರುತ್ತವೆ. ಐಸಿಐಸಿಐ ಬ್ಯಾಂಕು 2020ರ ಆಗಸ್ಟ್‌ನಲ್ಲಿ ಹೀಗೆ 15,000 ಕೋಟಿ ಎತ್ತಿತು. ಹಳೆಯ ಷೇರುದಾರರ ಪಾಲು ಕೊಂಚ ತೆಳುವಾದರೂ ಬ್ಯಾಂಕು ನಿಶ್ಚಿಂತವಾಯಿತು. ಕೊಳ್ಳುವುದಾದರೆ ಇಂಥ ಹಣ ಬಂದು ಸೇರಿದ ಮೇಲೆ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ತಳದ ಬೆಲೆ ತಪ್ಪಿದರೂ ಚಿಂತೆಯಿಲ್ಲ.

ಉತ್ತರ: ಓದುಗ, ಬೇಲೂರು

ಇಷ್ಟೆಲ್ಲ ಓದುವ ತಾಳ್ಮೆ ಇಲ್ಲದಿದ್ದರೆ ಬ್ಯಾಂಕ್ ನಿಫ್ಟಿಯ ಇಟಿಎಫ್ (ಸೂಚ್ಯಂಕದ ಎಲ್ಲ ಷೇರುಗಳಲ್ಲೂ ಹಣ ಹಾಕುವ, ಷೇರಿನಂತೆಯೇ ಕೊಳ್ಳಬಹುದಾದ ನಿಧಿ) ಕೊಳ್ಳಬಹುದಲ್ಲವೇ? ಯೆಸ್ ಬ್ಯಾಂಕನ್ನು 2020ರ ಮಾರ್ಚ್‌ನಲ್ಲಿ ಸೂಚ್ಯಂಕದಿಂದಲೇ ತೆಗೆದರು.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಸನ

ತೆಗೆಯುವ ಹೊತ್ತಿಗೆ ಅದರ ಬೆಲೆ ಬಿದ್ದಾಗಿತ್ತು, ಆ ನಷ್ಟವನ್ನು ಸೂಚ್ಯಂಕವೂ ಉಂಡಿತು. ಆದರೂ ಒಂದೇ ಬ್ಯಾಂಕಿಗೆ ಜೋತುಬೀಳುವುದಕ್ಕಿಂತ ನಿಮ್ಮ ದಾರಿ ಲೇಸು. ಮೂಡಿಗೆರೆಯವರಿಗೆ ಇನ್ನೊಂದು ಮಾತು: ಮುಂದಿನ ಕೊಯ್ಲಿನವರೆಗಿನ ಗೊಬ್ಬರ, ಕೂಲಿಯ ಹಣವನ್ನು ಇದಕ್ಕೆ ಹಾಕಬೇಡಿ. ಕುಸಿತ ಬಂದಾಗ ಕಾಫಿಯ ಬೆಲೆಯೂ ಬಿದ್ದರೆ ಷೇರನ್ನು ಸಿಕ್ಕ ಬೆಲೆಗೆ ಮಾರಬೇಕಾದೀತು.