ಸಹಾಯ ಬೇಕು: ಗೆಳೆಯನ ಓಸು ಮ್ಯಾಪ್ ಬಗ್ಗೆ ಏನಂತ ಹೇಳಲಿ?

ತುಮಕೂರಿನಿಂದ ನಮಸ್ಕಾರ. ನಾನು ಓಸು (osu!, ಹಾಡಿನ ತಾಳಕ್ಕೆ ಸರಿಯಾಗಿ ಪರದೆ ಮೇಲಿನ ಸರ್ಕಲ್ ಒತ್ತೋ ಕಂಪ್ಯೂಟರ್ ಆಟ) ಆಡಲು ಶುರು ಮಾಡಿ ಎರಡೇ ತಿಂಗಳು. ಹಾರ್ಡ್ ಮಟ್ಟ ಅಂದರೆ ಬೆರಳು ಸೋಲುತ್ತೆ, ಆಡೋದು ಅದಕ್ಕಿಂತ ಸುಲಭದ ನಾರ್ಮಲ್ ಮಾತ್ರ.

ತಿಪಟೂರಿನ ಗೆಳೆಯ ತಾನು ಮಾಡಿದ ಮ್ಯಾಪ್ (ಒಂದು ಹಾಡಿಗೆ ಸರ್ಕಲ್ ಜೋಡಿಸಿ ಮಾಡಿದ ಆಟ) ಕಳಿಸಿದ. "ಸೂಪರ್ ಮಗಾ" ಅಂದೆ. "ಅಷ್ಟು ನಮ್ಮಮ್ಮನೂ ಹೇಳ್ತಾರೆ" ಅಂತ ಬೈದ. ನ್ಯಾಯವೇ ಅಲ್ವಾ!

ಮತ್ತೆ ಕೂತು ಆಡಿದೆ. ಹಾಡಿನ 00:42:318ರ (42 ಸೆಕೆಂಡ್, 318 ಮಿಲಿಸೆಕೆಂಡ್) ಹತ್ತಿರ ಸರ್ಕಲ್ ಮೊದಲು ಬರುತ್ತೆ, ತಮಟೆ ಏಟು ಆಮೇಲೆ ಕೇಳುತ್ತೆ. ಮ್ಯಾಪ್ ಮಾಡೋ ಎಡಿಟರ್‌ನಲ್ಲಿ ವೇಗ ಕಾಲು ಭಾಗಕ್ಕೆ ಇಳಿಸಿ ನೋಡಿದರೂ ಹಾಗೇ ಅನ್ನಿಸಿತು. ಬೇರೆ ಕಡೆಯೂ ಚೂರು ಅನುಮಾನ. ಇದು ಮ್ಯಾಪ್‌ನ ತಪ್ಪೋ, ನನ್ನ ಬ್ಲೂಟೂತ್ ಇಯರ್‌ಫೋನ್ ತಡ ಮಾಡ್ತಿದೆಯೋ? ಪತ್ತೆ ಮಾಡೋದು ಹೇಗೆ?

ಇನ್ನೊಂದು, ಅವನ ಮ್ಯಾಪ್‌ನ ಇನ್ಸೇನ್ (ಹಾರ್ಡ್‌ಗಿಂತ ಕಷ್ಟದ ಮಟ್ಟ) ನನ್ನ ಕೈಲಾಗಲ್ಲ. ಸುಮ್ನೆ ನಾರ್ಮಲ್ ಬಗ್ಗೆ, ಎಲ್ಲಿ ಕಣ್ಣು ತಪ್ಪಿತು ಅಂತ ಬರೆದರೆ ಸಾಕಾ? ಮ್ಯಾಪ್ ಮಾಡಿದವರು ಯಾರಾದರೂ ಹೇಳಿ.