ಫೈಬರ್ ಟಬ್‌ನ ಕಲೆ, ಬಣ್ಣಗೇಡು: ಕೆಲಸ ಬಲ್ಲವರಿಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕುಂಬಳೆಯಲ್ಲಿ ಫೈಬರ್ ಕೆಲಸ ಮಾಡುವ ನಮ್ಮ ಗುಂಪಿನ ಅಣ್ಣ ಇವತ್ತು ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಮೀನುಗಾರರ ದೋಣಿ, ನೀರಿನ ಟ್ಯಾಂಕ್, ಬಾತ್ ಟಬ್, ಆಯುರ್ವೇದದವರು ಎಣ್ಣೆ ಚಿಕಿತ್ಸೆಗೆ ಮಲಗಿಸುವ ದ್ರೋಣಿ, ಎಲ್ಲದರ ರಿಪೇರಿಯೂ ಅವರಿಗೆ ಗೊತ್ತು. ಇವತ್ತಿನ ವಿಷಯ ಟಬ್‌ನ ಕಲೆ. ದಯವಿಟ್ಟು ವಿಷಯ ಬಿಟ್ಟು ಹೋಗಬೇಡಿ.

ಬದಿಯಡ್ಕದ ಅಕ್ಕ: ಅಣ್ಣಾ, ನಮ್ಮದು ಬೋರ್‌ವೆಲ್ ನೀರು, ಬಿಳಿ ಟಬ್. ನಲ್ಲಿಯ ಕೆಳಗಿನಿಂದ ನೀರು ಹೋಗುವ ತೂತಿನ ತನಕ ಕೆಂಪು ಪಟ್ಟೆ ಬಿದ್ದಿದೆ. ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ ರಾತ್ರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೊದಲಿಗಿಂತ ಜಾಸ್ತಿ ಕೆಂಪಾಗಿದೆ. ಯಾಕೆ ಹೀಗೆ?

ಉತ್ತರ: ಅಕ್ಕ, ಅದು ಕಬ್ಬಿಣದ ಕಲೆ. ಬೋರಿನಿಂದ ಬರುವಾಗ ಕಬ್ಬಿಣ ನೀರಿನಲ್ಲಿ ಕರಗಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿದ ಮೇಲೆ ತುಕ್ಕಾಗಿ ಕೂರುತ್ತದೆ. ಬ್ಲೀಚ್ ಹಾಕಿದರೆ ಅದೇ ಕೆಲಸ ಇನ್ನೂ ಬೇಗ ಆಗುತ್ತದೆ. ಹಾಗಾಗಿ ಕಬ್ಬಿಣದ ಕಲೆಗೆ ಬ್ಲೀಚ್ ಯಾವತ್ತೂ ಬೇಡ. ಲೀಟರ್ ನೀರಿನಲ್ಲಿ 0.3 ಮಿಲಿಗ್ರಾಂ ಕಬ್ಬಿಣ ದಾಟಿದರೆ ಸಾಕು, ಕಲೆ ಹಿಡಿಯಲು ಶುರುವಾಗುತ್ತದೆ.

ತುಕ್ಕಿಗೆ ಹುಳಿ ಬೇಕು. ಆದರೆ ಮೊದಲು ಆ ಬ್ಲೀಚನ್ನು ಪೂರ್ತಿ ತೊಳೆದು, ಕಿಟಕಿ ತೆರೆದಿಟ್ಟು ಒಂದು ದಿನ ಬಿಡಿ. ಬ್ಲೀಚ್ ಇದ್ದಲ್ಲಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಹಾಕಿ. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೂ ಸಿಗುತ್ತದೆ. ಹಳೇ ಹತ್ತಿ ಬಟ್ಟೆ ಅದ್ದಿ ಪಟ್ಟೆಯ ಮೇಲೆ ಹಾಸಿ. ಅರ್ಧ ಗಂಟೆ ಹಾಗೇ ಇಡಿ, ಆದರೆ ಬಟ್ಟೆ ಒಣಗಲು ಬಿಡಬೇಡಿ. ಮೆತ್ತಗಿನ ಸ್ಪಂಜಿನಲ್ಲಿ ಒರೆಸಿ, ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಬಟ್ಟೆ ನಲ್ಲಿಗೆ ತಾಗಬಾರದು, ಕ್ರೋಮ್ ಹೊಳಪು ಹೋಗುತ್ತದೆ.

ಅದರಲ್ಲೂ ಹೋಗದಿದ್ದರೆ ಮಾತ್ರ ಆಕ್ಸಾಲಿಕ್ ಆಸಿಡ್. ಮಾರ್ಬಲ್ ಪಾಲಿಶ್‌ನವರು ಬಳಸುವ ಬಿಳಿ ಪುಡಿ, ಪೇಂಟ್ ಅಂಗಡಿಯಲ್ಲಿ ಕೇಳಿ ನೋಡಿ. ಲೀಟರಿಗೆ ಒಂದು ದೊಡ್ಡ ಚಮಚ, ಹತ್ತು ನಿಮಿಷ, ಸಾಕು. ಅದು ವಿಷ. ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ, ಉಳಿದ ಪುಡಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಟಬ್‌ನಲ್ಲಿ ಬಿಳಿ ಸುಣ್ಣದ ಪದರವೂ ಇದ್ದರೆ ಅದನ್ನು ಮೊದಲು ನಿಂಬೆ ಉಪ್ಪಿನಲ್ಲೇ ತೆಗೆಯಿರಿ. ಇಲ್ಲದಿದ್ದರೆ ಆಕ್ಸಾಲಿಕ್ ಅದರ ಜೊತೆ ಸೇರಿ ಇನ್ನೊಂದು ಬಿಳಿ ಕಲೆ ಕೂರಿಸುತ್ತದೆ, ಅದು ನೀರಿನಲ್ಲಿ ಕರಗುವುದಿಲ್ಲ.

ಪೆರ್ಲದ ಮಾಷ್ಟ್ರು: ಇಷ್ಟೆಲ್ಲ ಯಾಕೆ? ಹುಳಿ ಬಿಂಬುಳಿ ಕಾಯಿ ಜಜ್ಜಿ ಉಜ್ಜಿದರೆ ಸಾಕು. ನಮ್ಮ ಅಮ್ಮ ಕತ್ತಿಯ ತುಕ್ಕು ತೆಗೆಯುತ್ತಿದ್ದದ್ದು ಅದರಲ್ಲೇ.

ಉತ್ತರ: ಸರಿಯೇ ಮಾಷ್ಟ್ರೇ. ಬಿಂಬುಳಿಯಲ್ಲಿ ಇರುವುದೂ ಆಕ್ಸಾಲಿಕ್ ಆಸಿಡೇ. ಸಣ್ಣ ಕಲೆಗೆ ಧಾರಾಳ ಆಗುತ್ತದೆ. ರಸ ಹಿಂಡಿ, ಸೋಸಿ ಹಾಕಿ. ಹತ್ತು ನಿಮಿಷದಲ್ಲಿ ತೊಳೆಯಿರಿ. ಜಜ್ಜಿದ ಕಾಯಿಯನ್ನು ಹಾಗೇ ರಾತ್ರಿ ಬಿಡಬೇಡಿ.

ಉಪ್ಪಳದ ಸದಸ್ಯರು: ಇದು ಬೇರೆ ಗುಂಪಿನಲ್ಲಿ ಬಂದದ್ದು, ತುಂಬಾ ಒಳ್ಳೆಯದಿದೆ, ಎಲ್ಲರೂ ಶೇರ್ ಮಾಡಿ: "ಟಾಯ್ಲೆಟ್ ಕ್ಲೀನರ್ ಅರ್ಧ ಬಾಟಲಿ, ಬ್ಲೀಚಿಂಗ್ ಪೌಡರ್ ಎರಡು ಹಿಡಿ, ಸೋಡಾ ಪುಡಿ ಒಂದು ಹಿಡಿ ಕಲಸಿ ಟಬ್‌ಗೆ ಹಚ್ಚಿ. ಐದೇ ನಿಮಿಷದಲ್ಲಿ ಹಾಲಿನ ಬಿಳುಪು."

ಉತ್ತರ: ದಯವಿಟ್ಟು ಅದನ್ನು ಈಗಲೇ ಡಿಲೀಟ್ ಮಾಡಿ. ಟಾಯ್ಲೆಟ್ ಕ್ಲೀನರ್‌ನಲ್ಲಿ ಹೆಚ್ಚಾಗಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್. ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್. ಈಗ ತಾನೇ ಮೇಲೆ ಬರೆದೆ. ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ. ಟಬ್ ಹಾಳಾಗುವುದು ಆಮೇಲಿನ ಮಾತು.

ಮುಳ್ಳೇರಿಯದ ಭಾವ: ನಮ್ಮದು ಸಣ್ಣ ಚಿಕಿತ್ಸಾಲಯ. ಫೈಬರ್ ದ್ರೋಣಿಯಲ್ಲಿ ಎಣ್ಣೆ, ಅರಿಶಿನದ ಹಳದಿ ಹಿಡಿದಿದೆ. ಸೋಪು ಹಾಕಿದ ಕೂಡಲೇ ಕೆಂಪಾಯಿತು. ಕೆಲಸದ ಹುಡುಗ ಹೆದರಿ ಬಿಟ್ಟುಬಿಟ್ಟ. ಏನಾದರೂ ಸುಟ್ಟು ಹೋಯಿತೇ?

ಉತ್ತರ: ಏನೂ ಸುಟ್ಟಿಲ್ಲ ಭಾವ. ಅರಿಶಿನಕ್ಕೆ ಸೋಪು, ಸೋಡಾ ತಾಗಿದರೆ ಕೆಂಪಾಗುತ್ತದೆ. ಸ್ವಲ್ಪ ವಿನೆಗರ್ ನೀರು ಹಾಕಿದರೆ ಮತ್ತೆ ಹಳದಿ ಆಗುತ್ತದೆ. ಮೊದಲು ಎಣ್ಣೆ ಬಿಡಿಸಬೇಕು. ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬಿಸಿ ನೀರು ಸಾಕು, ಕುದಿಯುವ ನೀರು ಬೇಡ. ಎಣ್ಣೆ ಇರುವಷ್ಟು ಹೊತ್ತು ಯಾವ ಮದ್ದೂ ಬಣ್ಣದ ತನಕ ಇಳಿಯುವುದಿಲ್ಲ. ಆಮೇಲೆ ಅಡುಗೆ ಸೋಡಾಕ್ಕೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಪೇಸ್ಟ್ ಮಾಡಿ ಅರ್ಧ ಗಂಟೆ ಹಚ್ಚಿಡಿ. ಮೆಡಿಕಲಿನಲ್ಲಿ ಸಿಗುತ್ತದೆ. ದ್ರೋಣಿ ಎತ್ತಲು ಆಗುವುದಾದರೆ ತೊಳೆದು ಒಂದು ದಿನ ಬಿಸಿಲಿಗೆ ಇಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಆದರೆ ತಿಂಗಳುಗಟ್ಟಲೆ ಅಂಗಳದಲ್ಲಿ ಬಿಟ್ಟರೆ ಫೈಬರೇ ಹಳದಿಯಾಗುತ್ತದೆ, ಆ ಹಳದಿ ತೊಳೆದರೆ ಹೋಗುವುದಿಲ್ಲ.

ಹೊಸಂಗಡಿಯ ಸದಸ್ಯೆ: ಬಿಳಿ ಟಬ್‌ಗೆ ತೆಳು ಹಸಿರು ಬಣ್ಣ ಹಾಕಿಸಬಹುದಾ? ಎಷ್ಟು ಖರ್ಚು ಬೀಳುತ್ತದೆ?

ನೀರ್ಚಾಲಿನ ಸದಸ್ಯರು: ಬೋರ್ ನೀರು, ಕೆಂಪು ಕಲೆ. ಏನು ಮಾಡಬೇಕು?

ಉತ್ತರ: ಬದಿಯಡ್ಕದ ಅಕ್ಕನಿಗೆ ಬರೆದದ್ದನ್ನು ಓದಿ.

ಬೇಕಲದ ಅಕ್ಕ: ನಮ್ಮದು ಹೋಮ್‌ಸ್ಟೇ. ಮಹಡಿಯ ರೂಮಿನ ಟಬ್‌ನಲ್ಲಿ, ಕಾಲಿಡುವ ಜಾಗದಲ್ಲೇ ಅಂಗೈ ಅಗಲದ ಕಂದು ಕಲೆ. ನಿಂಬೆ ಉಪ್ಪು ಹಾಕಿದರೆ ತಿಳಿಯಾಗುತ್ತದೆ. ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ನಡುವಿನಿಂದ ನಾಲ್ಕೂ ಕಡೆಗೆ ಕೂದಲಿನಷ್ಟು ಸಣ್ಣ ಗೆರೆಗಳು ಹೋಗಿವೆ. ಇನ್ನೂ ಸ್ಟ್ರಾಂಗ್ ಆದ ಮದ್ದು ಹೇಳಿ.

ಉತ್ತರ: ಮದ್ದು ನಿಲ್ಲಿಸಿ ಅಕ್ಕ. ಒಂದು ಮಾತು ಹೇಳಿ. ಆ ಜಾಗದಲ್ಲಿ ನಿಂತರೆ ಟಬ್ ಕೆಳಗೆ ಜಗ್ಗುತ್ತದಾ? ಸದ್ದು ಬರುತ್ತದಾ?

ಬೇಕಲದ ಅಕ್ಕ: ಸ್ವಲ್ಪ ಜಗ್ಗುತ್ತದೆ. ಕಿರ್ ಅನ್ನುತ್ತದೆ. ಹಾಕಿಸಿದಾಗಿನಿಂದಲೂ ಹಾಗೇ ಇತ್ತು.

ಉತ್ತರ: ಹಾಗಾದರೆ ಅದು ಮೇಲಿನ ಕಲೆ ಅಲ್ಲವೇ ಅಲ್ಲ, ಒಳಗಿನಿಂದ ಬರುತ್ತಿದೆ. ಇವತ್ತಿನಿಂದ ಆ ಟಬ್‌ಗೆ ನೀರು ಬಿಡಬೇಡಿ. ಅತಿಥಿಗಳಿಗೂ ಆ ಬಾತ್‌ರೂಮ್ ಕೊಡಬೇಡಿ.

ಯಾಕೆಂದು ಹೇಳುತ್ತೇನೆ. ಫೈಬರ್ ಟಬ್‌ನಲ್ಲಿ ನಿಮಗೆ ಕಾಣುವ ಹೊಳಪಿನ ಪದರ ಜೆಲ್‌ಕೋಟ್. ಅದು ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಅದರ ಕೆಳಗೆ ಗಾಜಿನ ನಾರಿನ ಮ್ಯಾಟ್, ಅದನ್ನು ಹಿಡಿದಿಡುವ ಅಂಟಿನಂಥ ರೆಸಿನ್. ಮ್ಯಾಟ್ ಸ್ವಲ್ಪ ಬಾಗುತ್ತದೆ, ಜೆಲ್‌ಕೋಟ್ ಬಾಗುವುದಿಲ್ಲ. ಟಬ್ ಕೂರಿಸುವಾಗ ತಳದ ಅಡಿಗೆ ಸಿಮೆಂಟ್ ಗಾರೆಯ ಹಾಸು ಕೊಡದೆ ಬರೀ ಅಂಚಿನ ಮೇಲೆ ನಿಲ್ಲಿಸಿದರೆ, ಪ್ರತಿ ಸಲ ಕಾಲಿಟ್ಟಾಗ ತಳ ಜಗ್ಗುತ್ತದೆ. ಜೆಲ್‌ಕೋಟ್ ನಕ್ಷತ್ರದ ಹಾಗೆ ಬಿರಿಯುತ್ತದೆ. ನೀವು ಟಾರ್ಚಿನಲ್ಲಿ ಕಂಡದ್ದು ಅದೇ.

ಆ ಬಿರುಕಿನಿಂದ ಇಳಿದ ನೀರು ಗಾಜಿನ ನಾರಿನ ಉದ್ದಕ್ಕೆ ಒಳಗೊಳಗೇ ಹರಿಯುತ್ತದೆ. ತುಂಬಾ ಟಬ್‌ಗಳಲ್ಲಿ ತಳ ಗಟ್ಟಿಯಾಗಲಿ ಎಂದು ಪ್ಲೈವುಡ್ ತುಂಡು ಇಟ್ಟು ಮೇಲೆ ಫೈಬರ್ ಹಾಕಿರುತ್ತಾರೆ. ಅದು ನೆನೆದರೆ ಕಂದು ನೀರು ಬಿಡುತ್ತದೆ. ಕಾಲಿಟ್ಟಾಗ ಬಿರುಕು ಬಾಯಿ ತೆರೆದು ನೀರು ಕುಡಿಯುತ್ತದೆ, ಕಾಲು ತೆಗೆದಾಗ ಮೇಲಕ್ಕೆ ಜಿನುಗಿಸುತ್ತದೆ. ನೀವು ಒರೆಸಿದ್ದು ಮೇಲೆ ಬಂದದ್ದನ್ನು ಮಾತ್ರ. ಆಸಿಡ್ ಹಾಕಿದಷ್ಟೂ ಅದು ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ, ತೊಳೆದು ತೆಗೆಯಲು ಆಗುವುದಿಲ್ಲ.

ಈಗ ಒಂದು ನಾಣ್ಯ ತೆಗೆದುಕೊಳ್ಳಿ. ಟಬ್‌ನ ಬದಿಯಲ್ಲಿ ಕುಟ್ಟಿ, ಟಣ್ ಅನ್ನುತ್ತದೆ. ಅಲ್ಲಿಂದ ಕಲೆಯ ಕಡೆಗೆ ಕುಟ್ಟುತ್ತಾ ಬನ್ನಿ. ಎಲ್ಲಿ ಸದ್ದು ದೊಬ್ ಅಂತ ಮಂಕಾಗುತ್ತದೋ ಅಲ್ಲಿಗೆ ಪೆನ್ಸಿಲ್ ಗೆರೆ ಹಾಕಿ. ಒಳಗೆ ಪದರ ಬಿಟ್ಟುಕೊಂಡ ಜಾಗ ಅದು. ಗೆರೆಯ ಫೋಟೋ ಹಾಕಿ. ಕೆಳಗಿನ ರೂಮಿನ ಸೀಲಿಂಗನ್ನೂ ನೋಡಿ, ಒದ್ದೆ ಕಲೆ ಇದೆಯಾ ಎಂದು.

ಉಪ್ಪಳದ ಸದಸ್ಯರು: ಬಿರುಕಿಗೆ ಸಿಲಿಕಾನ್ ಎಳೆದರೆ ಆಯಿತಲ್ಲ? ಇಷ್ಟು ಹೆದರಿಸುವುದು ಯಾಕೆ?

ಉತ್ತರ: ಸಿಲಿಕಾನ್ ಹಚ್ಚಿದ ಜಾಗಕ್ಕೆ ಆಮೇಲೆ ರೆಸಿನ್ ಅಂಟುವುದಿಲ್ಲ. ಗಟ್ಟಿ ಪುಟ್ಟಿ ತುಂಬಿದರೆ ತಳ ಜಗ್ಗಿದ ಕೂಡಲೇ ಎದ್ದು ಬರುತ್ತದೆ. ಮೊದಲು ಜಗ್ಗುವುದು ನಿಲ್ಲಬೇಕು. ಮಳೆಗಾಲದಲ್ಲಿ ನೆನೆದ ಫೈಬರ್ ತಾನಾಗಿ ಒಣಗುವುದಿಲ್ಲ, ಫ್ಯಾನ್ ಹಾಕಿ ಒಣಗಿಸಬೇಕು. ಬಿರಿದದ್ದನ್ನು ಗ್ರೈಂಡ್ ಮಾಡಿ ಗಟ್ಟಿ ಪದರ ಸಿಗುವ ತನಕ ಇಳಿಜಾರಾಗಿ ತೆಗೆಯಬೇಕು. ಮ್ಯಾಟ್, ರೆಸಿನ್ ಪದರ ಪದರವಾಗಿ ಕೂರಿಸಿ, ಮೇಲೆ ಜೆಲ್‌ಕೋಟ್. ಅಡಿಗೆ ಆಧಾರ. ದೋಣಿಯ ತಳ ಬಿರಿದರೂ ನಾವು ಮಾಡುವುದು ಇದನ್ನೇ.

ಉಪ್ಪಳದ ಸದಸ್ಯರು: ರೆಸಿನ್, ಹಾರ್ಡನರ್ ಮಂಗಳೂರಿನಲ್ಲಿ ಸಿಗುತ್ತದೆ. ವಿಡಿಯೋ ನೋಡಿ ನಾವೇ ಮಾಡಬಹುದು.

ಉತ್ತರ: ಅಂಗಡಿಯವರು ರೆಸಿನ್, ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ), ಹಾರ್ಡನರ್ ಮೂರು ಬೇರೆ ಬೇರೆ ಕೊಡುತ್ತಾರೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಪೂರ್ತಿ ಕಲಸಬೇಕು, ಆಮೇಲೆ ಹಾರ್ಡನರ್, ತೂಕದಲ್ಲಿ 1ರಿಂದ 2 ಶೇಕಡಾ. ಕೋಬಾಲ್ಟಿಗೆ ನೇರವಾಗಿ ಹಾರ್ಡನರ್ ಸುರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ವಿಡಿಯೋದಲ್ಲಿ ಇದನ್ನು ಹೇಳಿದ್ದಾರಾ?

ಪೆರ್ಲದ ಮಾಷ್ಟ್ರು: ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಇದ್ದ ಕಾಲದಲ್ಲಿ ಈ ಕೆಂಪು ಕಲೆಯ ರಗಳೆಯೇ ಇರಲಿಲ್ಲ. ಊರು ತುಂಬ ಬೋರ್ ತೋಡಿದಿರಿ. ಈಗ ಸುರಂಗವೂ ಬತ್ತಿತು, ಟಬ್ಬೂ ಕೆಂಪಾಯಿತು.

ಉಪ್ಪಳದ ಸದಸ್ಯರು: ಎಲ್ಲರ ಹಿತ್ತಿಲಲ್ಲಿ ಗುಡ್ಡ ಇರುವುದಿಲ್ಲ ಮಾಷ್ಟ್ರೇ. ನಮ್ಮ ಕಡೆ ಬಾವಿ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆ. ಬೋರ್ ಬಿಟ್ಟು ಏನು ಕುಡಿಯಬೇಕು?

ಪೆರ್ಲದ ಮಾಷ್ಟ್ರು: ಕುಡಿಯಲು ಯಾರೂ ಬೇಡ ಅನ್ನಲಿಲ್ಲ. ಟಬ್ ತುಂಬಿಸಿ ಮಲಗಲು ಬೋರ್ ಬೇಕಾ?

ಅಡೂರಿನ ಅಕ್ಕ: ಸುರಂಗದ ನೀರಿಗೂ ಕಲೆ ಬರುತ್ತದೆ. ನಮ್ಮ ಟಬ್‌ನಲ್ಲಿ ನೀಲಿ ಹಸಿರು ಗೆರೆ ಬಿದ್ದಿದೆ. ಅದಕ್ಕೆ ಏನು ಮಾಡಬೇಕು?

ಮಂಜೇಶ್ವರದ ಅಣ್ಣ: ಅಕ್ಕ, ಅದು ತಾಮ್ರ. ನಾನು ಪ್ಲಂಬಿಂಗ್ ಕೆಲಸದವನು. ಮುರಕಲ್ಲಿನ (ಕೆಂಪು ಕಲ್ಲಿನ) ಜಾಗದ ನೀರು ಸ್ವಲ್ಪ ಹುಳಿ ಗುಣದ್ದು, ಬಿಸಿ ನೀರಿನ ತಾಮ್ರದ ಪೈಪನ್ನು ತಿನ್ನುತ್ತದೆ. ಕಲೆ ನಿಂಬೆ ಉಪ್ಪಿನಲ್ಲಿ ಹೋಗುತ್ತದೆ. ಆದರೆ ಪೈಪ್ ತೋರಿಸಿ.

ಪೆರ್ಲದ ಮಾಷ್ಟ್ರು: ಅದು ಪೈಪಿನ ದೋಷ, ಸುರಂಗದ್ದಲ್ಲ.

ಅಡ್ಮಿನ್: ಮಾಷ್ಟ್ರೇ, ಉಪ್ಪಳದವರೇ, ನೀರಿನ ಚರ್ಚೆ ಬೇರೆ ದಿನ ಮಾಡೋಣ. ದಯವಿಟ್ಟು.

ಸೀತಾಂಗೋಳಿಯ ಸದಸ್ಯೆ: ಮಗಳು ತಲೆಗೆ ಬಣ್ಣ ಹಚ್ಚಿದಾಗ ಟಬ್‌ಗೆ ಬಿತ್ತು. ಉಗುರು ಬಣ್ಣ ತೆಗೆಯುವ ಅಸಿಟೋನ್ ಹಾಕಬಹುದಾ?

ಉತ್ತರ: ಮೊದಲು ಟಬ್ ಯಾವುದು ಅಂತ ನೋಡಿ. ನೀರು ಹೋಗುವ ತೂತಿನ ಜಾಲರಿ ತೆಗೆದು ಕತ್ತರಿಸಿದ ಅಂಚನ್ನು ನೋಡಿ. ಮೇಲಿನ ಬಣ್ಣದ ಪದರ ಎರಡು ಮೂರು ಮಿಲಿಮೀಟರ್ ದಪ್ಪ ಇದ್ದರೆ ಅದು ಅಕ್ರಿಲಿಕ್, ಅಡಿಗೆ ಮಾತ್ರ ಫೈಬರ್. ಅದಕ್ಕೆ ಅಸಿಟೋನ್ ಹಾಕಿದರೆ ಕರಗಿ ಬಿಳಿಚಿ ಬಿರಿಯುತ್ತದೆ. ಪದರ ಕಾಗದದಷ್ಟು ತೆಳುವಾಗಿದ್ದರೆ ಜೆಲ್‌ಕೋಟ್. ಅದಕ್ಕೂ ಅಸಿಟೋನ್ ಬೇಡ, ಹೊಳಪು ಹೋಗುತ್ತದೆ. ಮುಳ್ಳೇರಿಯದ ಭಾವನಿಗೆ ಹೇಳಿದ ಪೆರಾಕ್ಸೈಡ್ ಪೇಸ್ಟೇ ಸಾಕು.

ಉಪ್ಪಳದ ಸದಸ್ಯರು: ಥಿನ್ನರ್, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ ಅಂತ ಒಂದು ಮೆಸೇಜ್ ಬಂದಿದೆ, ಹಾಕಲಾ?

ಉತ್ತರ: ಹಾಕಬೇಡಿ. ಸಣ್ಣ ಬಾತ್‌ರೂಮ್, ಪಕ್ಕದಲ್ಲಿ ಗ್ಯಾಸ್ ಗೀಸರ್. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಸ್ಟೀಲ್ ಸ್ಕ್ರಬ್ಬರ್, ಹಸಿರು ಸ್ಕ್ರಬ್ಬರ್, ಪಾತ್ರೆ ತಿಕ್ಕುವ ಪುಡಿ, ಬೂದಿ, ತೆಂಗಿನ ನಾರು, ಇವು ಯಾವುದೂ ಬೇಡ. ಒಂದು ಸಲ ಗೀರು ಬಿದ್ದರೆ ಆಮೇಲಿನ ಕೊಳೆ ಅಲ್ಲೇ ಕೂರುತ್ತದೆ. ಎಷ್ಟು ಸಲ ಹೇಳಬೇಕು?

ನೀರ್ಚಾಲಿನ ಸದಸ್ಯರು: ವಿನೆಗರ್, ಸೋಡಾ ಒಟ್ಟಿಗೆ ಹಾಕಿದರೆ ನೊರೆ ಬಂದು ಕಲೆ ಕೀಳುತ್ತದೆ ಅಲ್ವಾ?

ಉತ್ತರ: ಇಲ್ಲ. ಒಂದನ್ನೊಂದು ಕೊಲ್ಲುತ್ತವೆ. ನೊರೆ ಮಾತ್ರ ಕಾಣುತ್ತದೆ.

ಕಾಸರಗೋಡಿನ ಸದಸ್ಯರು: ಮೊದಲಿದ್ದವರು ಸ್ಕ್ರಬ್ಬರ್ ಹಾಕಿ ತಿಕ್ಕಿದ್ದಾರೆ. ಕಲೆ ಇಲ್ಲ, ಆದರೆ ಪೂರ್ತಿ ಮಂಕಾಗಿದೆ. ಹೊಸ ಟಬ್ಬೇ ತರಬೇಕಾ?

ಉತ್ತರ: ಬೇಡ. ಜೆಲ್‌ಕೋಟ್ ಉಳಿದಿದ್ದರೆ ಹೊಳಪು ತರಬಹುದು. 800 ನಂಬರಿನ ವಾಟರ್ ಪೇಪರ್ (ನೀರಿನಲ್ಲಿ ಬಳಸುವ ಮರಳು ಕಾಗದ), ನೀರು ಹಾಕಿ ಹಗುರ ಕೈಯಲ್ಲಿ. ಆಮೇಲೆ 1000, 1500, 2000. ಗಾಡಿ ಪೇಂಟಿನವರು ಬಳಸುವ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ, ಬದಿಗಳಿಗೆ ವ್ಯಾಕ್ಸ್ ಹಚ್ಚಿ. ನಿಲ್ಲುವ ತಳಕ್ಕೆ ವ್ಯಾಕ್ಸ್ ಹಚ್ಚಿದರೆ ಜಾರಿ ಬೀಳುತ್ತಾರೆ. ಮೂಲೆಗಳಲ್ಲಿ ಜೆಲ್‌ಕೋಟ್ ತೆಳು, ಪೇಪರ್ ಒತ್ತಿದರೆ ಕೆಳಗಿನ ನಾರು ಕಾಣುತ್ತದೆ. ಕಂಡ ಕೂಡಲೇ ನಿಲ್ಲಿಸಿ.

ಬೇಕಲದ ಅಕ್ಕ: ಅಣ್ಣಾ, ಫೋಟೋ ಹಾಕಿದ್ದೇನೆ. ಪೆನ್ಸಿಲ್ ಗೆರೆ ಕಲೆಗಿಂತ ಮೂರು ಪಟ್ಟು ದೊಡ್ಡದಾಗಿದೆ. ಕೆಳಗಿನ ಸೀಲಿಂಗಿನಲ್ಲಿ ಫ್ಯಾನಿನ ಹತ್ತಿರವೇ ಹಳದಿ ಕಲೆ ಇದೆ.

ಉತ್ತರ: ಅಕ್ಕ, ಆ ಫ್ಯಾನು, ಆ ರೂಮಿನ ಲೈಟು, ಎರಡರ ಲೈನನ್ನೂ ಮೇನ್‌ನಲ್ಲೇ ಆಫ್ ಮಾಡಿ. ಎಲೆಕ್ಟ್ರಿಷಿಯನ್ ನೋಡುವ ತನಕ ಹಾಕಬೇಡಿ. ಟಬ್‌ನ ಬದಿಯ ಒಂದು ಟೈಲ್ಸ್ ಬಿಡಿಸಿ ಒಳಗೆ ನೋಡಬೇಕು, ಗಾರೆ ಕೆಲಸದವರನ್ನು ಹೇಳಿ ಇಡಿ. ಪ್ಲೈವುಡ್ ಎಷ್ಟು ಕೊಳೆತಿದೆ ಎಂದು ನೋಡದೆ ರಿಪೇರಿ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನಂಬರ್ ಅಡ್ಮಿನ್ ಹತ್ತಿರ ಇದೆ, ರಾತ್ರಿ ಫೋನ್ ಮಾಡಿ.

ಹೊಸಂಗಡಿಯ ಸದಸ್ಯೆ: ಹಸಿರು ಬಣ್ಣದ ಬಗ್ಗೆ ಕೇಳಿದ್ದೆ. ಯಾರೂ ಉತ್ತರ ಕೊಡಲಿಲ್ಲ.

ನೀರ್ಚಾಲಿನ ಸದಸ್ಯರು: ಬದಿಯಡ್ಕದ ಅಕ್ಕನಿಗೆ ಬರೆದದ್ದು ತುಂಬಾ ಉದ್ದ ಇದೆ. ಕೆಂಪು ಕಲೆಗೆ ಒಂದೇ ಸಾಲಿನಲ್ಲಿ ಹೇಳಿ.

ಉತ್ತರ: ನಿಂಬೆ ಉಪ್ಪು, ಅರ್ಧ ಗಂಟೆ, ನೀರು. ಬ್ಲೀಚ್ ಬೇಡ.