ಗಾರ್ಮೆಂಟ್ಸ್ ಫ್ಲೋರ್‌ನಲ್ಲಿ ಜನ ನೆಮ್ಮದಿಯಿಂದ ಕೆಲಸ ಮಾಡಬೇಕಾದರೆ ಮೊದಲು ಏನನ್ನು ಸರಿಮಾಡಬೇಕು?

ಎಚ್‌ಆರ್_ದೊಡ್ಡಬಳ್ಳಾಪುರ:
ಶರ್ಟ್ ಹೊಲಿಯುವ ಯೂನಿಟ್. 420 ಜನ, ಹೆಂಗಸರೇ ಹೆಚ್ಚು. ಎಂಟು ಲೈನ್, ಒಂದೊಂದರಲ್ಲಿ 40 ಟೈಲರ್‌ಗಳು. ಸಂಬಳ ಆದ ಮಾರನೇ ದಿನದಿಂದ ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸುತ್ತಾರೆ. ಆಯುಧಪೂಜೆಗೆ ಸಿಹಿ, ಹುಟ್ಟುಹಬ್ಬಕ್ಕೆ ಕೇಕು, ಮಹಿಳಾ ದಿನಕ್ಕೆ ರಂಗೋಲಿ ಸ್ಪರ್ಧೆ ಎಲ್ಲವೂ ನಡೆಯುತ್ತವೆ. ಸಲಹೆಪೆಟ್ಟಿಗೆಗೆ ಒಂದು ಚೀಟಿಯೂ ಬೀಳುವುದಿಲ್ಲ. ಈ ವರ್ಷ ಸ್ವಲ್ಪ ದುಡ್ಡು ಹಾಕಲು ಮ್ಯಾನೇಜ್‌ಮೆಂಟ್ ಒಪ್ಪಿದೆ. ಎಲ್ಲಿಂದ ಶುರು ಮಾಡಲಿ?

ಲೈನ್‌ಬ್ಯಾಲೆನ್ಸ್:
ಟಾರ್ಗೆಟ್ ಬೋರ್ಡಿನಿಂದ ಶುರು ಮಾಡಿ. ಫ್ಲೋರ್‌ನಲ್ಲಿ ಕೇಳಿಸುವ ಬೈಗುಳದಲ್ಲಿ ಬಹುಪಾಲು ಹುಟ್ಟುವುದು ತಪ್ಪು ಲೆಕ್ಕದಿಂದ.

ಶರ್ಟಿನ ಎಸ್‌ಎಎಂ, ಅಂದರೆ ಒಂದು ಪೀಸ್ ಹೊಲಿಯಲು ಲೆಕ್ಕಹಾಕಿದ ಸಮಯ, 20 ನಿಮಿಷ ಅಂದುಕೊಳ್ಳಿ. 40 ಟೈಲರ್ × 60 ÷ 20 = ಗಂಟೆಗೆ 120 ಪೀಸ್, ಅದು ನೂರಕ್ಕೆ ನೂರು ಎಫಿಷಿಯೆನ್ಸಿಯಲ್ಲಿ. ಲೈನ್ ನಿಜವಾಗಿ ಓಡುವುದು ಶೇ. 60ರಲ್ಲಾದರೆ 72. ಅವತ್ತು ನಾಲ್ಕು ಜನ ರಜೆ ಇದ್ದರೆ ಸುಮಾರು 65. ಹೊಸ ಸ್ಟೈಲ್ ಹತ್ತಿಸಿದ ಮೊದಲ ಎರಡು ದಿನ ಶೇ. 35 ಬಂದರೂ ಸಾಕು, ಅಂದರೆ 42. ಆದರೆ ಬೋರ್ಡಿನ ಮೇಲೆ ಮೊದಲ ದಿನದಿಂದಲೇ 72 ಬರೆದಿರುತ್ತಾರೆ. ಉಳಿದ 30 ಪೀಸಿಗೆ ಗಂಟೆಗಂಟೆಗೂ ಯಾರಾದರೂ ಬೈಸಿಕೊಳ್ಳಲೇಬೇಕು. ಬೆಳಿಗ್ಗೆ ಹಾಜರಿ ಮುಗಿದ ಮೇಲೆ, ಬಂದಿರುವ ತಲೆ ಎಣಿಸಿ ಟಾರ್ಗೆಟ್ ಬರೆಯಲಿ.

ಎರಡನೆಯದು ಟಾಯ್ಲೆಟ್. ಎದ್ದು ಹೋಗಲು ಸೂಪರ್‌ವೈಸರ್ ಯಾಕೆ ಬಿಡುವುದಿಲ್ಲ ಎಂದರೆ ಮುಂದಿನ ಮಷಿನ್ ಖಾಲಿ ಕೂರುತ್ತದೆ. ಗಂಟೆಗೆ 60 ಹೋಗುವ ಲೈನ್‌ನಲ್ಲಿ ನಿಮಿಷಕ್ಕೊಂದು ಪೀಸ್. ಏಳು ನಿಮಿಷ ಎದ್ದು ಹೋದರೆ ಏಳು ಪೀಸ್ ಕೊರತೆ. ಪ್ರತಿ ಆಪರೇಷನ್ ಮುಂದೆ 10 ಪೀಸಿನ ಬಂಡಲ್ ಸದಾ ಇದ್ದರೆ ಲೈನ್ ನಿಲ್ಲುವುದಿಲ್ಲ. ಕಾಲರ್ ಅಟ್ಯಾಚ್, ಕಫ್‌ನಂಥ ಬಿಗಿ ಜಾಗಗಳಿಗೆ ಮಾತ್ರ ಬದಲಿ ಆಳು ಬೇಕು: ಲೈನ್‌ಗೆ ಇಬ್ಬರು, ಎಲ್ಲ ಮಷಿನ್ ಗೊತ್ತಿರುವವರು. ಹೀಗೆ ಮಾಡಿದ ಮೇಲೆ ಟಾಯ್ಲೆಟ್‌ಗೆ ಹೋಗಲು ಟೋಕನ್ ಪಡೆಯುವ ಪದ್ಧತಿ ಇದ್ದರೆ ಕಿತ್ತುಹಾಕಿ. ಟೋಕನ್‌ಗೆ ಹೆದರಿ ನೀರೇ ಕುಡಿಯದೆ ಕೂತವರಿಗೆ ಉರಿಮೂತ್ರ, ತಲೆನೋವು. ಮಧ್ಯಾಹ್ನದ ಮೇಲೆ ಆಲ್ಟರ್ (ತಪ್ಪಾಗಿ ಮತ್ತೆ ಹೊಲಿಯಬೇಕಾದ ಪೀಸ್) ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಪಿಎಫ್_ಇಎಸ್‌ಐ_ಡೆಸ್ಕ್:
ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಸಂಬಳ ಆದ ಮಾರನೇ ದಿನವೇ ಬಿಡುತ್ತಾರೆ ಎಂದರೆ ಪೇ ಸ್ಲಿಪ್ಪನ್ನೂ ತೆಗೆದು ನೋಡಿ. ಬೇಸಿಕ್, ಡಿಎ (ತುಟ್ಟಿಭತ್ಯೆ), ಓಟಿ (ಹೆಚ್ಚುವರಿ ಹೊತ್ತಿನ ಕೂಲಿ), ಪಿಎಫ್ (ಭವಿಷ್ಯನಿಧಿ) ಶೇ. 12, ಇಎಸ್‌ಐ (ಕಾರ್ಮಿಕರ ವಿಮೆ) ಶೇ. 0.75 ಒಂದೊಂದು ಸಾಲಾಗಿ ಕನ್ನಡದಲ್ಲಿರಲಿ. ಒಡಿಶಾ, ಜಾರ್ಖಂಡ್ ಕಡೆಯವರಿದ್ದರೆ ಹಿಂದಿಯಲ್ಲೂ ಕೊಡಿ. ಡಿಎ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ, ಆ ತಿಂಗಳು ಹಳೆಯದು ಎಷ್ಟು, ಹೊಸದು ಎಷ್ಟು ಎಂದು ನೋಟಿಸ್ ಬೋರ್ಡಿಗೆ ಹಾಕಿ. ಓಟಿ ಎರಡರಷ್ಟು ದರದಲ್ಲೇ ಕೊಡಬೇಕು. ಟಾರ್ಗೆಟ್ ಮುಗಿಸಲೆಂದು ಪಂಚ್ ಔಟ್ ಆದಮೇಲೆ ಕೂರಿಸಿದ ಅರ್ಧ ಗಂಟೆಯೂ ಓಟಿಯೇ.

ಪಿಎಫ್ ಇವರಿಗೆ ಎಷ್ಟು ಮುಖ್ಯ ಎಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡಿದೆ. ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು, ಕೇಂದ್ರ ಅದನ್ನು ವಾಪಸ್ ಪಡೆಯಿತು. ಮಗಳ ಮದುವೆ, ಮನೆ ಲೀಸು, ಎಲ್ಲದಕ್ಕೂ ಇದೇ ಗಂಟು. ಹಣ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಎರಡು ಕಡೆ: ಆಧಾರ್‌ನಲ್ಲಿರುವ ಹೆಸರು ಯುಎಎನ್‌ನಲ್ಲಿ (ಪಿಎಫ್ ಸದಸ್ಯರ ಗುರುತು ಸಂಖ್ಯೆ) ಇರುವುದಕ್ಕೆ ಹೊಂದದಿದ್ದಾಗ, ಕೆಲಸ ಬಿಟ್ಟ ದಿನಾಂಕವನ್ನು ಹಳೆಯ ಯೂನಿಟ್ ನಮೂದಿಸದಿದ್ದಾಗ. ವಾರಕ್ಕೊಂದು ದಿನ ಊಟದ ಹೊತ್ತಿನಲ್ಲಿ ಕ್ಯಾಂಟೀನ್‌ನಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಒಬ್ಬರು ಕೂರಲಿ.

ಕ್ರೆಷ್ (ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ) ಬಗ್ಗೆ ನೀವು ಬರೆದಿಲ್ಲ. ನಿಮ್ಮಷ್ಟು ಜನ ಇರುವ ಕಡೆ ಅದು ಕಡ್ಡಾಯ, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರುವ ಹಕ್ಕೂ ಇದೆ. ಇನ್‌ಸ್ಪೆಕ್ಷನ್ ದಿನ ಮಾತ್ರ ಬೀಗ ತೆಗೆಯುವ ಕ್ರೆಷ್ ಯಾರಿಗೂ ಬೇಡ.

ಫ್ಲೋರ್_ಮೇಂಟೆನೆನ್ಸ್:
ದುಡ್ಡನ್ನು ಗಾಳಿಗೆ ಮತ್ತು ಕುರ್ಚಿಗೆ ಹಾಕಿ. ಒದ್ದೆ ಪ್ಯಾಡ್ (ನೀರು ಹರಿಸಿ ಒಳಬರುವ ಗಾಳಿಯನ್ನು ತಂಪು ಮಾಡುವುದು) ಒಂದು ಗೋಡೆಗೆ, ಎಕ್ಸಾಸ್ಟ್ ಫ್ಯಾನ್ ಎದುರು ಗೋಡೆಗೆ, ಐರನ್ ಸೆಕ್ಷನ್ ಫ್ಯಾನ್ ಕಡೆಗೆ. ತುಂಬಾ ಕಡೆ ಐರನ್ ಟೇಬಲ್‌ಗಳು ಪ್ಯಾಡ್ ಪಕ್ಕದಲ್ಲೇ ಇದ್ದು, ಅದರ ಹಬೆ ಇಡೀ ಲೈನ್ ಮೇಲೆ ಹಾದು ಹೋಗುತ್ತದೆ. ಮಧ್ಯದ ಬಾಗಿಲು ತೆರೆದಿಟ್ಟರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಪ್ಯಾಡ್ ದಂಡ. ಎಮರ್ಜೆನ್ಸಿ ಬಾಗಿಲನ್ನು ಮುಚ್ಚಿಡಬಹುದು, ಬೀಗ ಮಾತ್ರ ಹಾಕಕೂಡದು. ಮಳೆಗಾಲದಲ್ಲಿ ಪ್ಯಾಡಿನ ಪಂಪ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ, ಇಲ್ಲವಾದರೆ ಸೆಕೆ ಇನ್ನೂ ಜಾಸ್ತಿ.

ಬೆನ್ನಿಗೆ ಆಸರೆ ಇಲ್ಲದ ಸ್ಟೂಲ್ ತೆಗೆಯಿರಿ. ಕೂತಾಗ ಮೊಣಕೈ ಟೇಬಲ್ ಮಟ್ಟಕ್ಕೆ ಬರಬೇಕು, ಪೆಡಲ್ ಒತ್ತಲು ಕಾಲು ಚಾಚುವಂತಿರಬಾರದು. ಎತ್ತರ ಹೊಂದಿಸುವ ಕುರ್ಚಿ ಎಲ್ಲರಿಗೂ ಒಟ್ಟಿಗೆ ಆಗದಿದ್ದರೆ ಒಂದು ಲೈನ್ ಪೂರ್ತಿ ಮಾಡಿ. ಅಲ್ಲೊಂದು ಇಲ್ಲೊಂದು ಕೊಟ್ಟರೆ ಸೂಪರ್‌ವೈಸರ್‌ಗೆ ಬೇಕಾದವರಿಗೆ ಸಿಕ್ಕಿತು ಎಂಬ ಮಾತು ಹುಟ್ಟುತ್ತದೆ.

ಎಚ್‌ಆರ್_ದೊಡ್ಡಬಳ್ಳಾಪುರ:
ಸೂಪರ್‌ವೈಸರ್‌ಗಳ ಇನ್ಸೆಂಟಿವ್‌ಗೆ ಲೈನ್‌ನ ಗೈರುಹಾಜರಿಯನ್ನೂ ಸೇರಿಸಬಹುದೇ? ಸಲಹೆಪೆಟ್ಟಿಗೆ ಏನು ಮಾಡಲಿ?

ಲೈನ್‌ಬ್ಯಾಲೆನ್ಸ್:
ಎಲ್ಲ ಗೈರುಹಾಜರಿ ಸೇರಿಸಬೇಡಿ, ರಜೆ ಕೇಳಿದವರನ್ನೇ ಹೆದರಿಸುತ್ತಾರೆ. ಹೇಳದೆ ತಪ್ಪಿಸಿದ ದಿನಗಳು ಮತ್ತು ಕೆಲಸ ಬಿಟ್ಟವರ ಸಂಖ್ಯೆ, ಇವೆರಡೇ ಸಾಕು. ಪೆಟ್ಟಿಗೆ ಈಗ ಎಚ್‌ಆರ್ ಬಾಗಿಲಿನ ಪಕ್ಕ, ಕ್ಯಾಮೆರಾ ಕೆಳಗೆ ಇದ್ದರೆ ಹೆಂಗಸರ ಟಾಯ್ಲೆಟ್ ಒಳಗೆ ಇಡಿ. ಕೀಲಿ ನಿಮ್ಮ ಹತ್ತಿರ ಒಂದು, ಕಾರ್ಮಿಕ ಪ್ರತಿನಿಧಿಯ ಹತ್ತಿರ ಒಂದು. ಎರಡೂ ಹಾಕಿದರೆ ಮಾತ್ರ ತೆರೆಯುವಂತಿರಲಿ. ಶನಿವಾರದೊಳಗೆ ಪ್ರತಿ ಚೀಟಿಗೂ ಬೋರ್ಡಿನಲ್ಲಿ ಉತ್ತರ ಬರೆಯಿರಿ, ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಎಂದೂ. ಲೈಂಗಿಕ ಕಿರುಕುಳದ ಚೀಟಿ ಬಂದರೆ ಬೋರ್ಡಿಗೆ ಹಾಕದೆ ನೇರ ಆಂತರಿಕ ಸಮಿತಿಗೆ ಕೊಡಿ. ಘಟನೆ ನಡೆದ ದಿನದಿಂದ ಲಿಖಿತ ದೂರು ಕೊಡಲು ಮೂರು ತಿಂಗಳ ಗಡುವಿದೆ, ಚೀಟಿ ಪೆಟ್ಟಿಗೆಯಲ್ಲೇ ಕೊಳೆಯಬಾರದು.